ನಾಯ್ನ ಎಸೆದ ತಮಟೆ

ಗೆಳೆಯರೇ, ಬರಹ ಸ್ವಲ್ಪ ಉದ್ದ ಆಯ್ತು. ಬಿಡುವಾದಾಗ ಓದಿ.

ಹೋದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ನಾವೊಂದಷ್ಟು ಜನ ಸೇರಿ ಆನಂದ್ ಪಟವರ್ಧನ್ ಅವರ 'ಜೈ ಭೀಮ್ ಕಾಮ್ರೇಡ್' ಹಾಕಿದ್ವಿ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ಇಟ್ಟು. ಮೂರು ಗಂಟೆಗೂ ಮೀರಿದ ಸಾಕ್ಷ್ಯಚಿತ್ರ, ಮಾತೆಲ್ಲ ಮರಾಠಿ, ಹಿಂದಿ. ನಾನು ಪಕ್ಕದಲ್ಲಿ ನಿಂತು ತಿಳಿದಷ್ಟು ಕನ್ನಡದಲ್ಲಿ ಹೇಳ್ತಾ ಹೋದೆ. 1997ರ ಜುಲೈ 11ರಂದು ಮುಂಬೈನ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದು, ಪ್ರತಿಭಟಿಸಿದ ನಮ್ಮ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು, 10 ಜನ ಸತ್ತಿದ್ದು, ಅದನ್ನು ನೋಡಿ ತಡೆದುಕೊಳ್ಳಲಾಗದೆ ಹಾಡುಗಾರ ವಿಲಾಸ್ ಘೋಗ್ರೆ ತಲೆಗೆ ನೀಲಿ ಬಟ್ಟೆ ಸುತ್ತಿಕೊಂಡು ನೇಣು ಹಾಕಿಕೊಂಡಿದ್ದು. ಅಲ್ಲಿಂದ ಶುರುವಾದ ಚಿತ್ರವನ್ನು ಪಟವರ್ಧನ್ ಮುಗಿಸಿದ್ದು 2011ರಲ್ಲಿ. ಹದಿನಾಲ್ಕು ವರ್ಷ ಒಂದೇ ವಿಷಯದ ಹಿಂದೆ ಬಿದ್ದಿದ್ದಾರೆ ಮನುಷ್ಯ. ನಮ್ಮ ಆಫೀಸಲ್ಲಿ ಒಂದು ಫೈಲು ಹದಿನಾಲ್ಕು ವರ್ಷ ಇರುತ್ತೆ, ಆದರೆ ಹಿಂದೆ ಯಾರೂ ಬಿದ್ದಿರಲ್ಲ.

ಲೈಟು ಹಾಕಿದ ಮೇಲೆ ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಲ್ಲಿ ಕೂತಿದ್ದ, ಚಿಂತಾಮಣಿ ಕಡೆಯ ಹಿರಿಯರೊಬ್ಬರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೇಳಿದರು: "ಮುಂಬೈಯೋರ್ದು ತೆಗ್ದವ್ರೆ, ಸರಿ. ಮನದಿ ಎವುರು ತೀಸಿನಾರಪ್ಪಾ?" ನಮ್ಮದನ್ನ ಯಾರು ತೆಗ್ದವ್ರೆ ಅಂತ.

ನಾನು ಥಟ್ಟನೆ ವಿದುರಾಶ್ವತ್ಥದ ಹೆಸರು ಹೇಳಿದೆ. ಅಲ್ಲಿ ವೀರಸೌಧ ಇದೆ, ಚಿತ್ರಗಳನ್ನ ಇಟ್ಟಿದ್ದಾರೆ, ಹೋಗಿ ನೋಡಿ ತಾತ ಅಂದೆ. ಅವರು ನಕ್ಕು, "ಅದು ಕಾಂಗ್ರೆಸ್ಸೋರ ಬಾವುಟದ್ದು. ನಾನು ಕೇಳಿದ್ದು ನಮ್ದು" ಅಂದರು. ಆಮೇಲೆ ಬಸ್ ಸ್ಟ್ಯಾಂಡಿಗೆ ಬೈಕಲ್ಲಿ ಬಿಟ್ಟಾಗ, ಇಳಿಯುತ್ತಾ ಒಂದೇ ಮಾತು ಹೇಳಿದರು: "ಕಂಬಾಲಪಲ್ಲಿ."

ಅವತ್ತಿಂದ ಆ ಮಾತು ತಲೆಯಲ್ಲಿ ಕೂತಿದೆ.

ಮುಂದಿನ ಭಾನುವಾರ ಮಗಳನ್ನ ಕರ್ಕೊಂಡು ವಿದುರಾಶ್ವತ್ಥಕ್ಕೆ ನಾನೇ ಹೋದೆ. ಗೌರಿಬಿದನೂರಿಂದ ಹತ್ತಿರವೇ. ಸಾಲು ಸಾಲು ನಾಗರಕಲ್ಲು, ಉತ್ತರ ಪಿನಾಕಿನಿಯ ಮರಳಿಲ್ಲದ ದಡ. 1938ರ ಏಪ್ರಿಲ್ 25ರಂದು ಇಲ್ಲೇ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿ ಎರಡು ವಾರ ಆಗಿತ್ತು ಅಷ್ಟೇ. ಸತ್ತವರು ಹತ್ತು ಜನ ಅಂದಿತು ಸರ್ಕಾರ. ಊರು ನೆನಪಿಟ್ಟುಕೊಂಡಿರುವ ಲೆಕ್ಕ ಮೂವತ್ತು ದಾಟುತ್ತೆ. ಗುಮಾಸ್ತನಾಗಿ ಹೇಳ್ತೀನಿ, ಕಚೇರಿ ಲೆಕ್ಕಕ್ಕೂ ಊರ ಲೆಕ್ಕಕ್ಕೂ ವ್ಯತ್ಯಾಸ ಬಂದಾಗ ನಾನು ಊರ ಕಡೆಗೇ. ಗುಂಡೇಟಿನ ಸುದ್ದಿ ಹಬ್ಬಿ, ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ, ಸಂಸ್ಥಾನದ ಬಾವುಟದ ಪಕ್ಕದಲ್ಲಿ ತ್ರಿವರ್ಣ ಹಾರಿಸಬಹುದು ಅಂತ ಒಪ್ಪಂದ ಆಯ್ತು.

ಹುತಾತ್ಮರ ಹೆಸರು ಓದ್ತಾ ಮಗಳು ಕೇಳಿದಳು: "ಅಪ್ಪಾ, ಇದ್ರಲ್ಲಿ ನಮ್ಮೋರು ಇದಾರಾ?" ನಮ್ಮ ಸೀಮೆಯಲ್ಲಿ ಹೆಸರು ನೋಡಿ ಜಾತಿ ಹೇಳೋಕಾಗಲ್ಲ. ಗೌಡರ ಮನೆಯಲ್ಲೂ ಮುನಿಯಪ್ಪ, ನಮ್ಮ ಮನೆಯಲ್ಲೂ ಮುನಿಯಪ್ಪ. ಹಂಗಂತ ಹೇಳಿದೆ. ಆ ಗೋಡೆ ಮುಂದೆ ಅದು ಒಳ್ಳೇದೇ ಅನ್ನಿಸ್ತು.

ಬರುವಾಗ ನಂದಿಯ ಭೋಗನಂದೀಶ್ವರಕ್ಕೂ ಹೋದ್ವಿ. ಶಿಲ್ಪದ ಬಗ್ಗೆ ನಾನೇನೂ ಬರೆಯಲ್ಲ, ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನನ್ನ ಕಣ್ಣು ಹೋಗೋದು ಬಾಗಿಲ ಹತ್ತಿರದ ಪುರಾತತ್ವ ಇಲಾಖೆಯ ನೀಲಿ ಬೋರ್ಡಿನ ಮೇಲೆ. 1958ರ ಕಾಯ್ದೆ ಪ್ರಕಾರ ರಾಷ್ಟ್ರೀಯ ಮಹತ್ವದ ಸ್ಮಾರಕ ಅಂತ ಇರುತ್ತಲ್ಲ, ಅದು. ನಮ್ಮ ತಾತನಿಗೆ ಹೊರಗಿನ ಕಲ್ಯಾಣಿಯೂ ಇಲ್ಲ, ಒಳಗಿನ ಕಂಬವೂ ಇಲ್ಲ. ನಾನು ಮಾತ್ರ ಆ ಬೋರ್ಡನ್ನು ಓದಿ, ಎದೆ ಸೆಟೆಸಿ ಒಳಗೆ ಹೋಗ್ತೀನಿ. ದೇವರ ದಯೆ ಅಲ್ಲ, ಕಾನೂನು.

ಇನ್ನು ಮನೆ ವಿಷಯಕ್ಕೆ ಬರ್ತೀನಿ.

ನಮ್ಮ ತಾತ ತೋಟಿ. ತೋಟಿ ಅಂದ್ರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಅಮಲ್ದಾರ ಬಂದ್ರೆ ಗಂಟು ಹೊತ್ತು ಮುಂದೆ ನಡೀಬೇಕು. ಊರಲ್ಲಿ ಯಾರಾದ್ರೂ ಸತ್ರೆ ಹತ್ತು ಹಳ್ಳಿಗೆ ನಡೆದು ಸುದ್ದಿ ಮುಟ್ಟಿಸಬೇಕು. ಸತ್ತ ದನ ಎಳೀಬೇಕು. ಸಾರು ಹಾಕಬೇಕು, ಅಂದ್ರೆ ತಮಟೆ ಬಡಿದು ಬೀದಿ ಬೀದಿ ಕೂಗಬೇಕು. ಹೆಣದ ಮುಂದೆ ಬಡೀಬೇಕು, ಜಾತ್ರೆಯಲ್ಲಿ ದೇವರ ಮುಂದೆಯೂ ಬಡೀಬೇಕು, ಆದರೆ ದೇವರ ಬಾಗಿಲಿಂದ ಇಷ್ಟು ದೂರ. ಇದಕ್ಕೆಲ್ಲ ಸುಗ್ಗಿಯಲ್ಲಿ ಕಣದಲ್ಲಿ ಒಂದಿಷ್ಟು ಆಯ, ಮತ್ತೆ ತುಂಡು ಇನಾಂ ಜಮೀನು. ಟೀ ಅಂಗಡಿಯ ಸೂರಿನಲ್ಲಿ ನಮ್ಮೋರ ಲೋಟ ಸಿಗಿಸಿಟ್ಟಿರೋದು. ಕುಡಿದು ತೊಳೆದು ಮತ್ತೆ ಅಲ್ಲೇ ಸಿಗಿಸಬೇಕು. ಆ ಲೋಟದ ನೆಗ್ಗು ಕೂಡ ನನಗೆ ನೆನಪಿದೆ.

ತಾತ ಹೋದ ಮೇಲೆ ತಮಟೆ ನಾಯ್ನನ ಹೆಗಲಿಗೆ ಬಂತು. ಚೆನ್ನಾಗಿ ಬಡೀತಿದ್ದ ಅಂತ ಎಲ್ಲರೂ ಹೇಳ್ತಾರೆ. ಹುಲ್ಲಿಗೆ ಬೆಂಕಿ ಹಾಕಿ, ಚರ್ಮ ಕಾಯಿಸಿ, ಬೆರಳ ತುದಿಯಲ್ಲಿ ತಟ್ಟಿ ನೋಡಿ, ಸರಿ ಹೋಗದಿದ್ರೆ ಮತ್ತೆ ಕಾಯಿಸೋದು. ಆ ವಾಸನೆ ನನಗೆ ಈಗಲೂ ಬರುತ್ತೆ.

ನಾನು ಒಂದನೇ ಕ್ಲಾಸಲ್ಲಿದ್ದಾಗ ನಾಯ್ನ ಚಿಂತಾಮಣಿಯಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆಗೆ ಹೋಗಿ ಬಂದ. ಆಗ ಅವಿಭಜಿತ ಕೋಲಾರ ಜಿಲ್ಲೆ, ಸಂಘರ್ಷ ಸಮಿತಿಯ ಕಾವು ಹಳ್ಳಿ ಹಳ್ಳಿಗೂ ಮುಟ್ಟಿದ್ದ ಕಾಲ. ಸಭೆಯಲ್ಲಿ ಏನು ಕೇಳಿದನೋ, ಬಂದವನು ಮೂರು ದಿನ ಸುಮ್ಮನಿದ್ದ. ಊರಹಬ್ಬಕ್ಕೆ ಕರೆ ಬಂತು. ಬರಲ್ಲ ಅಂದ. ನ್ಯಾಯಕ್ಕೆ ಕರೆದರು, ದಂಡ ಹಾಕಿದರು. ಕಟ್ಟಲ್ಲ ಅಂದ. ಮನೆಗೆ ಬಂದು ಗೋಡೆಯ ಗೂಟಕ್ಕಿದ್ದ ತಮಟೆ ಇಳಿಸಿಕೊಂಡು ಹೋಗಿ ಕೆರೆಗೆ ಎಸೆದ. ನಾನು ಹಿಂದೆಯೇ ಓಡಿದ್ದೆ. ಅದು ಮುಳುಗಲಿಲ್ಲ, ಸ್ವಲ್ಪ ಹೊತ್ತು ತೇಲ್ತಾ ಇತ್ತು. ನಾಯ್ನ ಅದು ಮುಳುಗೋ ತನಕ ನಿಂತಿದ್ದ.

ಆಮೇಲೆ ಅಂಗಡಿಯಲ್ಲಿ ಸಾಮಾನಿಲ್ಲ, ಮಿಷನ್ನಲ್ಲಿ ರಾಗಿ ಬೀಸಲ್ಲ, ಕೂಲಿಗೆ ಕರೆಯಲ್ಲ. ನಾಲ್ಕು ತಿಂಗಳು ತಡೆದ್ವಿ. ಆ ತುಂಡು ಜಮೀನು ಮೂರೂವರೆ ಸಾವಿರಕ್ಕೆ ಕೊಟ್ಟು ಶಿಡ್ಲಘಟ್ಟಕ್ಕೆ ಬಂದ್ವಿ. ನಾಯ್ನ ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ. ಅಮ್ಮ ನೂಲು ಬಿಚ್ಚಾಣಿಕೆಗೆ. ರೇಷ್ಮೆ ಗೂಡು ಕುದಿಯೋ ನೀರಲ್ಲಿ ಬೆರಳಿಟ್ಟು ಎಳೆ ಹುಡುಕೋ ಕೆಲಸ. ಮೈಯೆಲ್ಲ ಸತ್ತ ಹುಳದ ವಾಸನೆ. ರಾತ್ರಿ ಬಿಸಿ ಮುದ್ದೆ ಮುರಿಯೋಕೆ ಅವಳ ಕೈಲಿ ಆಗ್ತಿರಲಿಲ್ಲ, ಬೆರಳ ತುದಿಯಲ್ಲಿ ಚರ್ಮವೇ ಇಲ್ಲ. ನಾನು ಮುರಿದು ಸಾರಲ್ಲಿ ಅದ್ದಿ ಕೊಡ್ತಿದ್ದೆ. ರೇಷ್ಮೆಯ ಚರಿತ್ರೆ ಓದಿದ್ರೆ ಟಿಪ್ಪು ಸಿಗ್ತಾನೆ, ಸಿಗಬೇಕು ಕೂಡ. ಈ ಬೆರಳು ಸಿಗಲ್ಲ. ನಮ್ಮ ಮನೆ ಅಟ್ಟದ ಮೇಲೆ ಒಂದು ಹಳೇ ಚಂದ್ರಂಕಿ ಇದೆ, ಹುಳ ಗೂಡು ಕಟ್ಟೋಕೆ ಬಿಡೋ ಬಿದಿರಿನ ತಟ್ಟೆ. ಅಮ್ಮ ಅದರ ಮೇಲೆ ಹಪ್ಪಳ ಒಣಗಿಸ್ತಾಳೆ.

ಇದನ್ನೆಲ್ಲ ನಾನು ಮರೆತೇ ಇದ್ದೆ ಅಂತಲ್ಲ. ಕತೆ ಅಂದ್ಕೊಂಡಿದ್ದೆ, ಚರಿತ್ರೆ ಅಂತ ಅನ್ನಿಸಿರಲಿಲ್ಲ. ಅನ್ನಿಸಿದ್ದು ಒಂದು ರೆಕಾರ್ಡ್ ರೂಮಲ್ಲಿ. ಬೇರೆ ಕೆಲಸದ ಮೇಲೆ ಹಳೇ ಕಟ್ಟು ಬಿಚ್ಚಿದಾಗ ಇನಾಂ ರಿಜಿಸ್ಟರಲ್ಲಿ ನಮ್ಮೂರ ಹೆಸರು, ಅದರ ಕೆಳಗೆ ತಾತನ ಹೆಸರು, ಮುಂದಿನ ಕಾಲಂನಲ್ಲಿ ದುಂಡು ಅಕ್ಷರದಲ್ಲಿ 'ತೋಟಿ'. ಒಂದು ಎಕರೆ ಚಿಲ್ಲರೆ. ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ.

2023ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆಗೆ ತಿದ್ದುಪಡಿ ಬಂದು, ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತಾದಾಗ ನಾವೆಲ್ಲ ಸಿಹಿ ಹಂಚಿದ್ವಿ. ನಾನು ರಾತ್ರಿಯೆಲ್ಲ ಕೂತು ನಮ್ಮ ಜಮೀನು ವಾಪಸ್ ಕೊಡಿ ಅಂತ ಅರ್ಜಿ ಬರೆದೆ. ಬರೆದು ಮುಗಿಸಿ, 1978ರ ಮೂಲ ಕಾಯ್ದೆಯ ವ್ಯಾಖ್ಯೆ ತೆಗೆದು ನೋಡಿದೆ. 'ಮಂಜೂರಾದ ಜಮೀನು' ಅಂದ್ರೆ ಏನು ಅಂತ ಹೇಳುವಾಗ, ಇನಾಂ ರದ್ದತಿಯಲ್ಲಿ ಬಂದದ್ದೂ ಸೇರುತ್ತೆ, ಆದರೆ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು ಅಂತ ಇದೆ. ತೋಟಿ, ತಳವಾರ, ನೀರಗಂಟಿ ಇವೆಲ್ಲ ವಂಶಪಾರಂಪರ್ಯ ಹುದ್ದೆ. ಅವುಗಳನ್ನ ರದ್ದು ಮಾಡಿದ್ದು ಬೇರೆಯೇ ಕಾಯ್ದೆ, 1961ರದ್ದು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂದದ್ದು. ದನ ಎಳೆದಿದ್ದಕ್ಕೆ, ಹೆಣದ ಮುಂದೆ ಬಡಿದಿದ್ದಕ್ಕೆ ಕೊಟ್ಟ ಜಮೀನಿನ ಹೆಸರು 'ಹುದ್ದೆ'ಯ ಜಮೀನು. ಅರ್ಜಿ ಹರಿದು ಹಾಕಿದೆ. ಇದನ್ನ ಇಷ್ಟು ಬಿಡಿಸಿ ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮೋರು ಎಷ್ಟೋ ಜನ ವಕೀಲರಿಗೆ ಸಾವಿರಾರು ಕೊಟ್ಟು ಆಮೇಲೆ ತಲೆ ಮೇಲೆ ಕೈ ಇಟ್ಕೊಂಡಿದ್ದಾರೆ. ದಯವಿಟ್ಟು ಮೊದಲು ನಿಮ್ಮದು ಸರ್ಕಾರ ಮಂಜೂರು ಮಾಡಿದ್ದಾ, ತೋಟಿ ತಳವಾರಿಕೆ ಇನಾಮಾ, ಹಳೇ ದಾಖಲೆ ತೆಗೆಸಿ ನೋಡಿ.

ಅದೇ ವರ್ಷ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಟಿ.ವಿ.ಯಲ್ಲಿ ನೋಡ್ತಾ ನನಗೆ ಕಣ್ಣು ತುಂಬಿತು. ಅಮ್ಮನನ್ನ ಕೂಗಿ ತೋರಿಸಿದೆ. ನೋಡಿ, "ಒಳ್ಳೇದಾಯ್ತು ಬಿಡು. ಆಯಪ್ಪನ್ನ ಕುರ್ಚಿ ಹಾಕಿ ಕೂರಿಸವ್ರೆ. ನಿಮ್ಮ ನಾಯ್ನನ್ನ ಬಾಗಿಲಾಚೆ ನಿಲ್ಲಿಸೋರು" ಅಂದಳು. ಒಳಗೆ ಹೋದಳು.

ಆಗ ಹೊಳೆದಿದ್ದು ತಮಟೆ ಹುಡುಕೋ ಹುಚ್ಚು. ಕೆರೆ ಎಷ್ಟೋ ವರ್ಷ ಒಣಗಿ ಜಾಲಿ ಬೆಳೆದಿತ್ತು, ಆಗ ಹೋಗಿದ್ರೆ ಬಳೆಯಾದ್ರೂ ಸಿಗ್ತಿತ್ತೇನೋ. ಈಗ ನೋಡಿದ್ರೆ ತುಂಬಿದೆ. ಬೆಂಗಳೂರಿನ ಕೊಳಚೆಯನ್ನ ಶುದ್ಧ ಮಾಡಿ ಎಚ್.ಎನ್. ವ್ಯಾಲಿ ಪೈಪಲ್ಲಿ ನಮಗೆ ಬಿಡ್ತಾರಲ್ಲ, ಆ ನೀರು. ಏರಿ ಮೇಲೆ ನಿಂತು ವಾಪಸ್ ಬಂದೆ. ಅಮ್ಮನಿಗೆ ಹೇಳಿದ್ರೆ ಉಗಿದಳು: "ಆಯಪ್ಪ ಬೇಡ ಅಂತ ಎಸೆದಿದ್ದನ್ನ ನೀನು ಗೋಡೆಗೆ ನೇತಾಕ್ತೀಯಾ? ಅದಕ್ಕಾ ನಾನು ಬೆರಳು ಬೇಯಿಸ್ಕೊಂಡಿದ್ದು?" ಉತ್ತರ ಕೊಡೋಕಾಗಲಿಲ್ಲ. ಈಗಲೂ ನನ್ನ ಹತ್ತಿರ ಇಲ್ಲ. ನಾಯ್ನ ಮಾಡಿದ್ದು ಸರಿ, ನನ್ನ ಆಸೆಯೂ ತಪ್ಪಲ್ಲ ಅನ್ನೋ ಜಾಗದಲ್ಲೇ ನಿಂತಿದ್ದೀನಿ.

ಕಂಬಾಲಪಲ್ಲಿಗೆ ಬರ್ತೀನಿ. 2000ದ ಮಾರ್ಚ್ 11. ನಾನು ಚಿಂತಾಮಣಿಯಲ್ಲಿ ಬಿ.ಎ. ಓದ್ತಿದ್ದೆ. ಏಳು ಜನ ನಮ್ಮೋರನ್ನ ಮನೆಯೊಳಗೆ ಜೀವಂತ ಸುಟ್ಟರು. ನಾವು ಹಾಸ್ಟೆಲ್ ಹುಡುಗರು ಚಂದಾ ಎತ್ತಿ ಕರಪತ್ರ ಹಾಕಿಸಿ ಹಂಚಿದ್ವಿ, ಮೆರವಣಿಗೆ ಹೋದ್ವಿ, ಗಂಟಲು ಕಟ್ಟೋವರೆಗೂ ಕೂಗಿದ್ವಿ. ಆಮೇಲೆ ಕೆಲಸ, ಮದುವೆ, ಮಗು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಅಂದ್ರೆ ಕಾಗದದ ಪ್ರಕಾರ ಆ ಏಳು ಜನರನ್ನ ಯಾರೂ ಸುಟ್ಟಿಲ್ಲ.

ಆ ಹಿರಿಯರ ಮಾತು ಕೇಳಿ ಬಂದ ರಾತ್ರಿ ಟ್ರಂಕು ತೆಗೆದೆ. ಗುಜರಿಗೆ ಹಾಕೋಕೆ ಅಂತ ಹೆಂಡತಿ ಕಟ್ಟಿಟ್ಟಿದ್ದ ಪೇಪರ್ ಕಟ್ಟಿನ ಮಧ್ಯೆ ಆ ಕರಪತ್ರ ಒಂದೇ ಒಂದು ಉಳಿದಿತ್ತು. ಅಂಚನ್ನ ಗೆದ್ದಲು ತಿಂದಿದೆ. ನಮ್ಮ ಕಾಗುಣಿತ ತಪ್ಪು, ಸಿಟ್ಟು, ಕೆಳಗೆ ಪ್ರೆಸ್ಸಿನ ಹೆಸರು, ಎಲ್ಲ ಹಂಗೇ ಇದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಮನೆ ಪತ್ರದ ಜೊತೆ ಇಟ್ಟಿದ್ದೀನಿ. ಹದಿನಾಲ್ಕು ವರ್ಷ ಹಿಂದೆ ಬೀಳೋಕೆ ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ ಅನ್ನೋದು ನೆಪ. ಪೆನ್ನು, ಪೇಪರು ಇತ್ತು. ಗುಮಾಸ್ತನಿಗೆ ಅದಕ್ಕೇನು ಬರ?

ಹೋದ ಭಾನುವಾರ ಅಮ್ಮನ ಮುಂದೆ ಮೊಬೈಲ್ ಇಟ್ಟೆ. ಮೊದಲು ಬೈದಳು. ಆಮೇಲೆ ಊರು, ಬಾವಿ, ಸೂರಿನ ಲೋಟ, ಬಿಚ್ಚಾಣಿಕೆ ಎಲ್ಲ ಹೇಳ್ತಾ ಹೋದಳು. ತಮಟೆ ವಿಷಯ ನಾನು ಎತ್ತಲಿಲ್ಲ, ಅವಳೇ ಎತ್ತಿದಳು. ಎದುರಿಗಿದ್ದ ಸ್ಟೀಲ್ ತಟ್ಟೆ ಮಗುಚಿ ಹಾಕಿ, ಉಗುರಿಲ್ಲದ ಆ ಬೆರಳಲ್ಲಿ ಬಡಿದು ತೋರಿಸಿದಳು. ಇದು ಸಾರು ಹಾಕೋದು. ಇದು ಹೆಣದ್ದು. ಇದು ತೇರಿಂದು. ನಲವತ್ತು ವರ್ಷ ಹತ್ತಿರ ಬಂತು, ಒಂದು ಪೆಟ್ಟೂ ತಪ್ಪಿಲ್ಲ. ನನ್ನ ಮಗಳು ಬಾಗಿಲಲ್ಲಿ ನಿಂತು ಕೇಳ್ತಿದ್ದಳು. ಇದ್ದಕ್ಕಿದ್ದಂಗೆ ಅಮ್ಮ ತಟ್ಟೆ ನೆಟ್ಟಗೆ ಮಾಡಿ, "ಸಾಕು ನಿಲ್ಲಿಸು. ನಿಮ್ಮ ನಾಯ್ನ ಕೇಳಿಸ್ಕೊಂಡ್ರೆ ಎದ್ದು ಬರ್ತಾನೆ" ಅಂದಳು.

ಹದಿನೇಳು ನಿಮಿಷ ಇದೆ. ಇಲ್ಲಿ ಹಾಕಲ್ಲ, ಅಮ್ಮ ಬೇಡ ಅಂದಿದ್ದಾಳೆ. ಆ ಹಿರಿಯರ ಊರಿಗೆ ಬರುವ ವಾರ ನಾವು ಮೂವರು ಹೋಗ್ತಿದ್ದೀವಿ, ಅವರು ಮಾತಾಡ್ತೀನಿ ಅಂದಿದ್ದಾರೆ. ಚಿಂತಾಮಣಿ, ಗೌರಿಬಿದನೂರು ಕಡೆಯ ಗೆಳೆಯರ ಹತ್ತಿರ 2000ದ ಕರಪತ್ರ, ಫೋಟೊ, ಪೇಪರ್ ತುಣುಕು ಏನಿದ್ದರೂ ಗುಜರಿಗೆ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಮುಂದಿನ ಸಲ ದಿವ್ಯಾ ಭಾರತಿ ಅವರ 'ಕಕ್ಕೂಸ್' ಹಾಕ್ತಿದ್ದೀವಿ, ಚಿಕ್ಕಬಳ್ಳಾಪುರದಲ್ಲೇ. ಪ್ರೊಜೆಕ್ಟರ್ ಬಾಡಿಗೆಗೆ ಇನ್ನೂ ಆರು ನೂರು ಕಡಿಮೆ ಬಿದ್ದಿದೆ.

ಜೈಭೀಮ್.