ಎಮ್ಮೆ ಮೇವು ಬಿಟ್ಟಾಗ

ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಸಾಕು, ನಮ್ಮ ಮಸರಕಲ್ಲಿನಲ್ಲಿ ಮನೆಮಂದಿಯೆಲ್ಲ ಕಂಗಾಲು. ಗ್ವಾದಲಿಯಲ್ಲಿ ಕಣಿಕೆ ಹಾಗೇ ಬಿದ್ದಿರುತ್ತದೆ, ಹಾಲೂ ಇಳಿದಿರುತ್ತದೆ. ಈಚೆಗೆ ನಮ್ಮ ಓಣಿಯ ಅಜ್ಜಿಯೊಬ್ಬರು ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯುತ್ತ ನಿಂತಿದ್ದರು.

"ಯಾರ ಕಣ್ಣು ಬಿತ್ತೋ ಏನೋ, ಮಾಸ್ತರ್ರೀ."

"ಅವ್ವಾ, ರಾತ್ರಿ ಒದರಿತ್ತೇನು?"

"ಹೂಂನ್ರೀ, ಬೆಳತನಕ ಒದರ್ಯಾದ."

"ಹಂಗಾದ್ರ ಅದು ಕಣ್ಣಲ್ಲ, ಬೆದಿ. ದನದ ದವಾಖಾನಿಗೆ ಹೇಳಿ ಕಳಸ್ರಿ" ಎಂದೆ.

ಬೆದೆಯ ಹೊತ್ತಿಗೆ ಅಂಡಾಶಯವು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ. ಅದು ಗರ್ಭಕೋಶವನ್ನಷ್ಟೇ ಅಲ್ಲ, ಮಿದುಳಿನಲ್ಲಿ ಹಸಿವನ್ನು ಆಳುವ ಹೈಪೊಥಲಾಮಸ್ ಭಾಗವನ್ನೂ ಮುಟ್ಟುತ್ತದೆ. ಆಗ ತಿನ್ನುವ ಆಸೆ ತಗ್ಗಿ, ತಿರುಗಾಟ ಹೆಚ್ಚುತ್ತದೆ. 1923ರಲ್ಲಿ ಅಮೆರಿಕದಲ್ಲಿ ಜಿ. ಎಚ್. ವ್ಯಾಂಗ್ ಎಂಬ ವಿಜ್ಞಾನಿ ಹೆಣ್ಣಿಲಿಗಳನ್ನು ತಿರುಗುವ ಚಕ್ರದಲ್ಲಿ ಬಿಟ್ಟು ನೋಡಿದರು. ನಾಲ್ಕೈದು ದಿನಕ್ಕೊಮ್ಮೆ, ಬೆದೆ ಬಂದಾಗ, ಅವು ವಿಪರೀತ ಓಡುತ್ತಿದ್ದವು. ಆ ಹೊತ್ತಿನಲ್ಲಿ ಅವು ತಿನ್ನುವುದೂ ಕಡಿಮೆ. ಅಂಡಾಶಯ ತೆಗೆದ ಇಲಿ ಹೆಚ್ಚು ತಿಂದು ದಪ್ಪಗಾಗುತ್ತದೆ. ಈಸ್ಟ್ರೋಜನ್ ಕೊಟ್ಟರೆ ತಿನ್ನುವುದು ಮತ್ತೆ ಹತೋಟಿಗೆ ಬರುತ್ತದೆ.

ಎಮ್ಮೆಯ ಬೆದೆ ಆಕಳಿನದರಷ್ಟು ಎದ್ದು ಕಾಣುವುದಿಲ್ಲ. ಎಷ್ಟೋ ಸಲ ರಾತ್ರಿ ಬಂದು ಬೆಳಗಾಗುವುದರೊಳಗೆ ತಣ್ಣಗಾಗಿರುತ್ತದೆ. ಆದ್ದರಿಂದ ಗ್ವಾದಲಿಯಲ್ಲಿ ಉಳಿದ ಕಣಿಕೆಯೂ ಒಂದು ಸುಳಿವು. ಜೊತೆಗೆ ತಿಳಿಯಾದ ಲೋಳೆ ಎಳೆಯಾಗಿ ಇಳಿಯುತ್ತಿದೆಯೇ, ಪದೇ ಪದೇ ಉಚ್ಚೆ ಹೊಯ್ಯುತ್ತಿದೆಯೇ ನೋಡಬೇಕು. ಮೈ ಸುಡುತ್ತಿದ್ದರೆ, ಮೆಲುಕು ನಿಂತಿದ್ದರೆ, ಹೊಟ್ಟೆ ಉಬ್ಬಿದ್ದರೆ ಮಾತು ಬೇರೆ, ಅದು ರೋಗ. ಬೆದೆಯನ್ನು ದೃಷ್ಟಿಯೆಂದು ಬಿಟ್ಟರೆ ಮತ್ತೆ ಸುಮಾರು 21 ದಿನ ಕಾಯಬೇಕು. ಎಮ್ಮೆ ಹೊರುವುದೇ ಹತ್ತು ತಿಂಗಳು. ಒಂದೇ ಎಮ್ಮೆಯ ಮೇಲೆ ಮನೆ ನಡೆಸುವವರಿಗೆ 21 ದಿನದ ಬರಿ ಮೇವು ಸಣ್ಣ ನಷ್ಟವಲ್ಲ.

ಹೆಣ್ಣುಮಕ್ಕಳ ಮೈಯಲ್ಲೂ ಇದೇ ಹಾರ್ಮೋನು ಇದೆ. ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಊಟ ತುಸು ಇಳಿಯುವುದು, ಮುಟ್ಟಿಗೆ ಮುಂಚಿನ ದಿನಗಳಲ್ಲಿ ತುಸು ಏರುವುದು ಹಲವರಲ್ಲಿ ಕಂಡುಬಂದಿದೆ. ಎಮ್ಮೆ ಮೇವು ಬಿಟ್ಟರೆ ಮನೆಯೆಲ್ಲ ಎದ್ದು ನಿಲ್ಲುತ್ತದೆ, ಮಗಳು ಇನ್ನೊಂದು ರೊಟ್ಟಿ ಕೇಳಿದರೆ ಮಾತ್ರ "ಎಷ್ಟು ತಿಂತಿ?" ಎಂಬ ಮಾತು ಬರುತ್ತದೆ. ಗಂಡಸರ ಊಟ ಮುಗಿದ ಮೇಲೆ ಬುಟ್ಟಿಯಲ್ಲಿ ಉಳಿದದ್ದನ್ನು ಉಣ್ಣುವ ತಾಯಿಗೆ ಅದನ್ನು ಕೇಳುವ ಧೈರ್ಯವೂ ಇರುವುದಿಲ್ಲ. ಆ ರೊಟ್ಟಿಯನ್ನು ಕೇಳುವ ಮೊದಲೇ ಬಡಿದಿಟ್ಟರೆ ಒಳ್ಳೆಯದು.