ಕೆರೆಯ ಕಪ್ಪೆಯ ಗುಂಡಿಗೆ

ಹತ್ತಿರ ಸರಿದು ಕೂಡ್ರಿ, ಹೇಳ್ತೀನಿ. ಎಂಬತ್ತರ ದಶಕದ ಮಾತಿದು. ನಾನು ಮಾಗಡಿಯಿಂದ ದಿನಾ ಬಸ್ಸು ಹಿಡಿದು ಗದಗಿನಲ್ಲಿ ಪಿಯುಸಿ ಓದುತ್ತಿದ್ದೆ. ಜೀವಶಾಸ್ತ್ರದ ಸರ್ ಒಮ್ಮೆ ಕರೆದು, "ನಿಮ್ಮೂರ ಕೆರಿಯೊಳಗ ದೊಡ್ಡ ಕಪ್ಪಿ ಅದಾವಲ್ಲವಾ, ಪ್ರಾಕ್ಟಿಕಲ್‌ಗೆ ತರಸ್ತೀ ಏನು?" ಎಂದರು. ಆ ರಾತ್ರಿಯೇ ಕಾಕಾ ಬ್ಯಾಟ್ರಿ ಹಿಡಿದು ಹೊರಟ, ಬೆನ್ನಿಗೆ ನಾನೂ ಹೋದೆ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಾಗ ನಮ್ಮ ಕೆರೆದಂಡೆ ನೋಡಬೇಕು! ಬೇಸಿಗೆಯಲ್ಲಿ ಕಣ್ಣಿಗೇ ಬೀಳದ ಗಂಡು ಕಪ್ಪೆಗಳು ಮೈತುಂಬ ನಿಂಬೆಹಣ್ಣಿನ ಹಳದಿ ಬಳಿದುಕೊಂಡು ಕೂತಿರುತ್ತವೆ. ಕೂಗುವಾಗ ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬುತ್ತದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಕೆರೆಗೆ ಹೆಸರು ಬಂತು, 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು, ಸಂತೋಷ. ಆದರೆ ಹೆಬ್ಬಾತುಗಳು ಚಳಿಗಾಲದ ಅತಿಥಿಗಳು. ಮಳೆಗಾಲದಲ್ಲಿ ಕೆರೆ ಕಪ್ಪೆಗಳದ್ದೇ.

ಹಿಡಿದ ಕಪ್ಪೆಗಳಲ್ಲಿ ಕೆಲವನ್ನು ಕಾಲೇಜಿಗೆ ಒಯ್ದೆ. ಉಳಿದವು ಮುಂದಿನ ವಾರಕ್ಕೆಂದು ಹಿತ್ತಲಿನ ಗಡಿಗೆಯಲ್ಲಿ, ಮೇಲೆ ಒದ್ದೆ ಗೋಣಿತಾಟು.

ಕ್ಲೋರೋಫಾರ್ಮ್ ಕೊಟ್ಟ ಕಪ್ಪೆಯನ್ನು ಮೇಣದ ಟ್ರೇಯಲ್ಲಿ ಅಂಗಾತ ಮಲಗಿಸಿ, ಕೈಕಾಲಿಗೆ ಗುಂಡುಪಿನ್ನು ಚುಚ್ಚಿದೆವು. ಮೊದಲು ಚರ್ಮ, ಆಮೇಲೆ ಸ್ನಾಯು. ಹೊಟ್ಟೆಯ ನಟ್ಟನಡುವೆ ಒಂದು ರಕ್ತನಾಳ ಹಾದುಹೋಗುತ್ತದೆ, ಕತ್ತರಿ ಅದರ ಪಕ್ಕದಿಂದ ಸಾಗಬೇಕು. ಒಳಗೆ ಕಂದು ಯಕೃತ್ತು, ಹಸಿರು ಪಿತ್ತಕೋಶ, ಬೆರಳುಬೆರಳಾಗಿ ಚಾಚಿದ ಹಳದಿ ಕೊಬ್ಬು. ಎದೆಯ ಮೂಳೆ ಕತ್ತರಿಸಿ ತೆಳುಪೊರೆ ಬಿಡಿಸಿದರೆ ಗುಂಡಿಗೆ ಇನ್ನೂ ಬಡಿಯುತ್ತಿತ್ತು!

ಮೂರು ಕೋಣೆಯ ಗುಂಡಿಗೆ. ಮೇಲಿನ ಎರಡು ಹೃತ್ಕರ್ಣಗಳು ಮೊದಲು ಕುಗ್ಗುತ್ತಿದ್ದವು, ಆ ಬಳಿಕ ಕೆಳಗಿನ ಒಂದೇ ಹೃತ್ಕುಕ್ಷಿ. ಸರ್ ಅದನ್ನು ಬಿಡಿಸಿ ಉಪ್ಪುನೀರಿನ ಗಾಜಿನ ತಟ್ಟೆಗೆ ಹಾಕಿದರು. ಅಲ್ಲಿಯೂ ಬಡಿಯಿತು. ಬಡಿತ ಹುಟ್ಟುವುದು ಹಿಂಬದಿಯ ತೆಳುಚೀಲದಲ್ಲಿ, ಮೈಯ ರಕ್ತವೆಲ್ಲ ಮರಳಿ ಬಂದು ಸೇರುವ ಜಾಗದಲ್ಲಿ. 1852ರಲ್ಲಿ ಜರ್ಮನಿಯ ಸ್ಟಾನಿಯಸ್ ಆ ಚೀಲಕ್ಕೂ ಹೃತ್ಕರ್ಣಕ್ಕೂ ನಡುವೆ ದಾರ ಬಿಗಿದಾಗ ಚೀಲ ಬಡಿಯುತ್ತಲೇ ಇತ್ತು, ಉಳಿದ ಗುಂಡಿಗೆ ನಿಂತಿತ್ತು. ನಮ್ಮ ಎದೆಯಲ್ಲೂ ಬಡಿತ ಶುರುವಾಗುವುದು ಬಲ ಹೃತ್ಕರ್ಣದ ಇಂಥದೇ ಒಂದು ಚೂರು ಜಾಗದಿಂದ ಎಂದು ಸರ್ ಹೇಳಿದಾಗ, ಕೈ ತಾನಾಗಿ ಎದೆಗೆ ಹೋಯಿತು.

ಆ ಕಾಲದಲ್ಲಿ ಕಪ್ಪೆಗೆ ಎಷ್ಟು ಕಡೆಯಿಂದ ಕುತ್ತು! ಕಾಲುಗಳು ವಿದೇಶದ ಊಟದ ಮೇಜಿಗೆ ಹೋಗುತ್ತಿದ್ದವು. 1987ರಲ್ಲಿ ಸರ್ಕಾರ ಆ ರಫ್ತು ನಿಷೇಧಿಸಿತು. ಕಾಲೇಜುಗಳ ಕೊಯ್ತ ಕಡಿಮೆ ಮಾಡಿ ಎಂದು ಯುಜಿಸಿ 2011ರಲ್ಲಿ ಹೇಳಿತು, 2014ರಲ್ಲಿ ಪೂರ್ತಿ ನಿಲ್ಲಿಸಿತು. ಒಳ್ಳೆಯದೇ ಆಯಿತು. ಆ ಬಡಿತವನ್ನು ಈಗ ವಿಡಿಯೋದಲ್ಲಿ ಎಷ್ಟು ಸಲವಾದರೂ ನೋಡಬಹುದು, ಅದಕ್ಕೆ ಒಂದೊಂದು ಹುಡುಗನಿಗೆ ಒಂದೊಂದು ಜೀವ ಬೇಕಿಲ್ಲ.

ಆ ಪ್ರಾಕ್ಟಿಕಲ್ ದಿನ ಸಂಜೆ ಅಜ್ಜಿಗೆ ಎಲ್ಲ ಹೇಳಿದೆ.

"ಹೊರಗ ತಗದ ಮ್ಯಾಲೂ ಬಡೀತು? ಯಾರು ಬಡಸ್ತಾರ ಅದನ್ನ?"

"ಯಾರೂ ಇಲ್ಲಬೇ ಯವ್ವಾ, ತನ್ನಷ್ಟಕ್ಕ ತಾನ ಬಡಕೋತೈತಿ."

ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಾಕಾನನ್ನು ಕೂಗಿದಳು. "ಗಡಿಗ್ಯಾಗಿನವನ್ನ ಒಯ್ದು ಕೆರಿಗೆ ಬಿಟ್ಟ ಬಾ."

"ಸರ್ ಮುಂದಿನ ವಾರಕ್ಕ ಬೇಕಂದಾರ..."

"ಮಳಿ ಕರಿಯೋ ಜೀವ ಅವು. ಅಷ್ಟ ಗಟ್ಟಿ ಜೀವ ಇಟಗೊಂಡದ್ದು ಕೊಯ್ಸಿಕೊಳ್ಳಾಕಲ್ಲ ಅಂತ ನಿಮ್ಮ ಸರಗ ಹೇಳು."

ಮುಂದಿನ ವಾರ ಆ ಮಾತನ್ನು ಹಾಗೆಯೇ ಒಪ್ಪಿಸಿದೆ. ಸರ್ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಖಡು ಹಿಡಿದು, ಜಠರದಿಂದ ಹಿಡಿದು ಕರುಳಿನ ತುದಿಯವರೆಗೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೇ ಕಲಿಸಿದರು.