ಮೊದಲ ಇದ್ದ ಹಾಂಗ

ಡೊಂಬಿವಲಿಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಲೋಕಲ್ ಹತ್ತಿದವನೇ ಠಾಣೆಯಲ್ಲಿ ಇಳಿಯುತ್ತಾನೆ ಎಂದು ಆಣೆ ಮಾಡಿ ಹೇಳುವಂತಿಲ್ಲ. ಅಂಗಿ ಪ್ಯಾಂಟಿನಿಂದ ಹೊರಗೆ ಬಂದಿರುತ್ತದೆ, ಕ್ರಾಪು ಎದ್ದು ನಿಂತಿರುತ್ತದೆ, ಎಡಗಾಲಿನ ಬೂಟಿನ ಮೇಲೆ ಬಲಗಾಲಿನದಲ್ಲದ ಮೂರು ಅಚ್ಚು. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತ ಊರಿನಲ್ಲಿ, ಒಂಬತ್ತು-ಹತ್ತನೇ ಪ್ಲಾಟ್‌ಫಾರ್ಮಿನತ್ತ ನಡೆಯುತ್ತಲೇ ನಾವೆಲ್ಲ ಅಂಗಿ ಸಿಕ್ಕಿಸಿ, ತಲೆ ಬಾಚಿ, ಮೊದಲಿನಂತಾಗುತ್ತೇವೆ. ಅಲ್ಲಿಂದ ನವಿ ಮುಂಬಯಿಯ ಗಾಡಿ. 2004ರಲ್ಲಿ ಶುರುವಾದ ಆ ಮಾರ್ಗ ಇಲ್ಲದಿದ್ದರೆ ಮಹಾಪೆಯ ನನ್ನ ಕೆಲಸಕ್ಕೆ ಶಿಳಫಾಟಾದ ಟ್ರಾಫಿಕ್ಕೇ ಗತಿಯಾಗಿತ್ತು.

ನನ್ನ ಕೆಲಸವೂ ಒಂಥರಾ ತಲೆ ಬಾಚುವುದೇ, ಸರ್ವರ್‌ಗಳದು. ಒಂದು ರಾತ್ರಿ ಪಾಳಿಯಲ್ಲಿ ನಾನೇ ಒಂದರ ತಲೆ ಕೆದರಿದೆ. ಎದುರಿಗಿದ್ದ ಫೋಲ್ಡರಿನೊಳಗಿನ ‘ಇಟಿಸಿ’ಗೆ 777 ಅನುಮತಿ ಕೊಡಬೇಕಿತ್ತು. ಹೆಸರಿನ ಮೊದಲಿಗೆ ಹಾಕಬೇಕಿದ್ದ ಒಂದು ಚುಕ್ಕೆ ಮರೆತೆ. ಆಜ್ಞೆ ಹೋಗಿ ಬಿದ್ದದ್ದು ಇಡೀ ಯಂತ್ರದ ಇಟಿಸಿಗೆ, ಅಂದರೆ ಎಲ್ಲ ಹೊಂದಿಕೆಗಳ ಪೆಟ್ಟಿಗೆಗೆ. 777 ಎಂದರೆ ಯಾರು ಬೇಕಾದರೂ ಓದಿ, ತಿದ್ದಿ, ಓಡಿಸಿ, ಛತ್ರದ ಬಾಗಿಲು. ತಪ್ಪು ತಿದ್ದೋಣವೆಂದರೆ, ಯಜಮಾನನ ಅಧಿಕಾರ ಕೊಡಿಸುವ ಸುಡೊ ಒಪ್ಪಲಿಲ್ಲ. ತನ್ನ ನಿಯಮದ ಕಡತವನ್ನು ಕಂಡಕಂಡವರು ತಿದ್ದುವ ಹಾಗಿದ್ದರೆ ಅದು ಕೆಲಸಕ್ಕೇ ಬರುವುದಿಲ್ಲ. ಬಾಗಿಲು ಮುರಿದಿದೆ ಎಂದು ಕಾವಲುಗಾರನೇ ರಜೆ ಹಾಕಿದ ಹಾಗೆ! ಪುಣ್ಯಕ್ಕೆ ಪಕ್ಕದ ಮೇಜಿನವನ ತೆರೆಯಲ್ಲಿ ರೂಟ್ ಲಾಗಿನ್ ತೆರೆದೇ ಇತ್ತು.

ಆಮೇಲೆ ಗೊತ್ತಾದದ್ದು, ರೆಡ್‌ಹ್ಯಾಟ್ ಮನೆತನದ ಲಿನಕ್ಸಿನಲ್ಲಿ ಪ್ರತಿ ಪ್ಯಾಕೇಜೂ ಬರುವಾಗ ತನ್ನ ಕಡತಗಳ ಜಾತಕ ತಂದಿರುತ್ತದೆ: ಗಾತ್ರವೆಷ್ಟು, ಮಾಲೀಕ ಯಾರು, ಅನುಮತಿ ಏನು, ಬೆರಳಚ್ಚು ಯಾವುದು. ಈ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಆರ್‌ಪಿಎಂಗೆ ‘ತಾಳೆ ನೋಡು’ ಎಂದರೆ ಸರಿಯಿದ್ದ ಕಡತದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಬದಲಾದದ್ದಕ್ಕೆ ಮಾತ್ರ ಒಂದು ಸಾಲು. ಗಾತ್ರಕ್ಕೆ ಎಸ್, ಬೆರಳಚ್ಚಿಗೆ 5, ಅನುಮತಿಗೆ ಎಂ. ಅವತ್ತು ತೆರೆಯ ತುಂಬ ಎಂ, ಎಂ, ಎಂ. ಅನುಮತಿಗಳನ್ನು ಜಾತಕದಂತೆ ಮರಳಿ ಕೂರಿಸಲು ‘ಸೆಟ್‌ಪರ್ಮ್ಸ್’ ಎಂಬ ಒಂದೇ ಆಜ್ಞೆ ಸಾಕಾಯಿತು. ಆದರೆ ದೂರದಿಂದ ಒಳಗೆ ಬಿಡುವ ಎಸ್‌ಎಸ್‌ಎಚ್‌ನ ಗುಟ್ಟಿನ ಕೀಲಿಗಳು ಯಾವ ಪೊಟ್ಟಣದಲ್ಲೂ ಬಂದವಲ್ಲ, ಯಂತ್ರದಲ್ಲೇ ಹುಟ್ಟಿದವು. ಅವನ್ನು ಕೈಯಿಂದಲೇ ಮುಚ್ಚಬೇಕಾಯಿತು. ವಿಂಡೋಸಿನವರು ಕೆಟ್ಟ ಸಿಸ್ಟಂ ಕಡತ ಸರಿಪಡಿಸಲು ‘ಎಸ್‌ಎಫ್‌ಸಿ’ ಓಡಿಸಿ ಚಹಾಕ್ಕೆ ಹೋಗುತ್ತಾರಲ್ಲ, ಅದೂ ಇದೇ ಸಂಸಾರ.

ನವಿ ಮುಂಬಯಿಗೆ ಇಂಥದೊಂದು ತಾಳೆ ನೋಡಬೇಕೆಂದು ನನಗೆ ಬಹಳ ದಿನದ ಆಸೆ. 1970ರಲ್ಲಿ ಹುಟ್ಟಿದ, ಊರು ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ ನಕ್ಷೆ ಹಾಕಿ, ಸೆಕ್ಟರುಗಳಿಗೆ ನಂಬರು ಕೊಟ್ಟು, ಪೊಟ್ಟಣ ಕಟ್ಟಿಯೇ ಕೊಟ್ಟ ಊರು. ಜನ ಬಂದರು, ಬಾಲ್ಕನಿಗೆ ಗ್ರಿಲ್ ಬಂತು, ಗ್ರಿಲ್ಲಿಗೆ ಗಾಜು, ಗಾಜಿನೊಳಗೆ ಮಗನ ಓದುವ ಮೇಜು. ಸಾಲುಸಾಲೂ ತಪ್ಪು ತೋರಿಸೀತು. ನಮ್ಮ ಡೊಂಬಿವಲಿಯ ಚಿಂತೆ ಇಲ್ಲ, ತಾಳೆ ನೋಡಲು ಮೊದಲು ಪೊಟ್ಟಣ ಇರಬೇಕಲ್ಲ!

ಧಾರವಾಡದಿಂದ ಬಂದ ನಮ್ಮ ಅವ್ವನದು ಇನ್ನೊಂದು ತಾಳೆ. ಮಗಳು ಅಡಿಗೆಮನೆಯಿಂದ “ಆಯೀ, ಕಾಂದಾ ಖತಂ ಆಗ್ಯಾವ” ಎಂದಳು. ಅವ್ವ ಸಿಟ್ಟಾದಳು: “ಉಳ್ಳಾಗಡ್ಡಿ ಅನ್ನಾಕ ಏನ ಧಾಡಿ? ಇದರ ಕನ್ನಡ ಮೊದಲ ಇದ್ದ ಹಾಂಗ ಮಾಡಪಾ.” ಮಾಡುತ್ತಿದ್ದೆ. ಆದರೆ ಐದು ನಿಮಿಷದ ಹಿಂದೆ ಇದೇ ಅವ್ವ, “ಪಗಾರ ಆತೇನು? ಬಟಾಟಿ ತಂದಿಯೇನು?” ಎಂದು ಕೇಳಿದ್ದಳು. ಪಗಾರ, ಬಟಾಟಿ ಎರಡೂ ಪೋರ್ಚುಗೀಸರ ಹಡಗಿನಿಂದ ಇಳಿದವು. 1956ರ ತನಕ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡಕ್ಕೆ ಮರಾಠಿಯ ಕೈಹಿಡಿದು ಬಂದಿರಬೇಕು. ಯಾವ ಡಬ್ಬಿ ಒಡೆದು ಯಾವ ಕನ್ನಡ ಕೂರಿಸಲಿ?

ಲಿನಕ್ಸಿನ ಇನ್ನೊಂದು ಮನೆತನವಾದ ಡೆಬಿಯನ್ನಿನಲ್ಲಿ ಬರುವ ಪ್ಯಾಕೇಜುಗಳ ಹಣೆಬರಹವೂ ಇದೇ. ಮೂಲ ಲೇಖಕ ಬರೆದದ್ದಕ್ಕೆ ಪೊಟ್ಟಣ ಕಟ್ಟುವವರು ತಮ್ಮ ತೇಪೆ ಹಾಕಿರುತ್ತಾರೆ. ನಾವು ಮೂಲ ಎನ್ನುವುದು ಕೊನೆಯ ಸಲ ಮೊಹರು ಬಿದ್ದದ್ದನ್ನು, ಅಷ್ಟೆ. 1993ರಲ್ಲಿ ಶುರುವಾದ ಈ ಡೆಬಿಯನ್ ಒಂದು ವಿಷಯದಲ್ಲಿ ನನ್ನ ಅವ್ವನಿಗಿಂತ ಸೈರಣೆಯದು. ಪ್ಯಾಕೇಜನ್ನು ಮರಳಿ ಹಾಕಿದಾಗ, ಪ್ರೋಗ್ರಾಂ ಕೆಟ್ಟಿದ್ದರೆ ಕೇಳದೆ ಹೊಸದು ಕೂರಿಸುತ್ತದೆ. ಹೊಂದಿಕೆಯ ಕಡತವನ್ನು ನೀವು ತಿದ್ದಿದ್ದರೆ ಮಾತ್ರ ಮುಟ್ಟುವುದಿಲ್ಲ. ಅಳಿಸಿಯೇ ಹಾಕಿದ್ದರೂ ಮರಳಿ ತರುವುದಿಲ್ಲ; ಅಳಿಸಿದ್ದೂ ಯಜಮಾನರ ಮರ್ಜಿ ಎಂದುಕೊಳ್ಳುತ್ತದೆ. ಬೇಕೇ ಬೇಕೆಂದರೆ ‘ಫೋರ್ಸ್ ಕಾನ್ಫ್‌ಮಿಸ್’ ಎಂದು ಒತ್ತಾಯ ಮಾಡಬೇಕು. ನೀವು ತಿದ್ದಿಟ್ಟುಕೊಂಡ ಕಡತದ ಹೊಸ ಆವೃತ್ತಿಯೇ ಬಂದಾಗ ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮದು ಇರಲೋ, ಪೊಟ್ಟಣದ್ದು ಹಾಕಲೋ? ನಿದ್ದೆಗಣ್ಣಲ್ಲಿ ಬರೀ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ.